ಮುದ್ದೆ, ಹುರುಳಿ, ನುಗ್ಗೆಸೊಪ್ಪು
ಮಗ್ಗದ ಮನೆಗೂ ಹೊಲದ ಮನೆಗೂ ಒಪ್ಪುವ ಅಡಿಗೆ

ದಿಂಡುಗಲ್ಲಿನಿಂದ ಮಧುರೆಗೆ ಹೋಗುವ ದಾರಿಯ ಮಗ್ಗುಲಿಗೆ, ಸಿರುಮಲೆಯ ಸಮೀಪದಲ್ಲಿ ಚಿನ್ನಾಳಪಟ್ಟಿ ಇದೆ. ಅಲ್ಲಿನ ಸೀರೆಯ ಹೆಸರು ಕೇಳದವರು ಕಡಮೆ. ಅದನ್ನು ನೇಯುವ ದೇವಾಂಗ ಬಂಧುಗಳ ಮನೆಗಳಲ್ಲಿ ಕನ್ನಡ ಇಂದಿಗೂ ಉಳಿದಿದೆ. ಇನ್ನೂ ಆಚೆ, ಕಂಬಂ ಕಣಿವೆಯಲ್ಲಿ ಹೊಲಗೆಯ್ಯುವ ಕಪ್ಪಿಲಿಯರ ಮನೆಗಳಲ್ಲೂ ಹಾಗೆಯೇ. ಮಾತು ಉಳಿದ ಮನೆಯಲ್ಲಿ ಊಟವೂ ಉಳಿಯಲೆಂಬುದು ನಮ್ಮ ಆಸೆ. ಆದುದರಿಂದ ಈ ವಾರ ಬೆಳೆಯ ಮಾತನ್ನು ಒಲೆಯವರೆಗೂ ತಂದಿದ್ದೇವೆ.

ಹೊಟ್ಟೆ ತುಂಬಿದರೆ ಸಾಲದು

ತಮಿಳುನಾಡಿನಲ್ಲಿ 2011ರಿಂದ ಪಡಿತರದ ಅಕ್ಕಿ ಪುಕ್ಕಟೆಯಾಗಿ ದೊರೆಯುತ್ತಿದೆ. ಬಡವನ ಮನೆಯ ಒಲೆ ಆರದಂತೆ ಅದು ಕಾಪಾಡಿದೆ. ಅದನ್ನು ಬೇಡವೆನ್ನಿ ಎಂದು ನಾವು ಹೇಳುವವರಲ್ಲ. ಆದರೆ ಮೂರು ಹೊತ್ತೂ ಬಿಳಿ ಅನ್ನ, ನಡುವೆ ಎರಡು ಸಲ ಚಹಾ ಎಂದಾದರೆ ಹೊಟ್ಟೆ ತುಂಬೀತು, ಮೈಗೆ ಬಲ ಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 53 ಮಂದಿಗೆ ರಕ್ತ ಕಡಮೆ. ನೂಲು ಸುತ್ತುವಾಗ ಕಣ್ಣು ಕತ್ತಲೆ ಬರುವುದು, ಕಳೆ ಕೀಳುವಾಗ ಏದುಸಿರು ಬರುವುದು, ಇವನ್ನು ಸೋಮಾರಿತನವೆಂದು ಜರೆಯುವ ಅತ್ತೆಯಂದಿರು ಈ ಅಂಕಿಯನ್ನು ನೆನಪಿಡಬೇಕು.

100 ಗ್ರಾಂ ರಾಗಿಯಲ್ಲಿ ಸುಣ್ಣದಂಶ ಸುಮಾರು 350 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಪಾಲು ಮೈ ಬೆಳೆಸುವ ಸಸಾರಜನಕ. ನುಗ್ಗೆಸೊಪ್ಪಿನಲ್ಲಿ ಸುಣ್ಣವೂ ಇದೆ, ಕಬ್ಬಿಣವೂ ಇದೆ, ಕಣ್ಣಿಗೆ ಬೇಕಾದ ಸತ್ವವೂ ಇದೆ. ಮೂರೂ ನಮ್ಮ ಹಿರಿಯರ ಊಟವೇ. ದಿನಕ್ಕೆ ಒಂದು ಹೊತ್ತು ಅವಕ್ಕೆ ಮೀಸಲಿಡಿ.

ಗಂಟಿಲ್ಲದ ಮುದ್ದೆ

ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು. ಈ ಅಳತೆ ತಪ್ಪದಿದ್ದರೆ ಅರ್ಧ ಕೆಲಸ ಆದಂತೆ. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಸೇರಿಸಿ, ಚಿಟಿಕೆ ಉಪ್ಪು ಹಾಕಿ. ಎಸರು ಮರಳಿದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಆಗಲೇ ಕೋಲು ಹಾಕಬೇಡಿ. ಗಂಟಾಗುವುದು ಈ ಅವಸರದಿಂದಲೇ. ಉರಿ ತಗ್ಗಿಸಿ ಐದು ನಿಮಿಷ ಬೇಯಲು ಬಿಡಿ. ಬಳಿಕ ಪಾತ್ರೆಯನ್ನು ಭದ್ರವಾಗಿ ಹಿಡಿದು, ಕೋಲಿನಿಂದ ಅಂಚಿಗೆ ಒತ್ತಿ ಒತ್ತಿ ತೊಳಸಿ. ಮುಚ್ಚಿ ಇನ್ನೆರಡು ನಿಮಿಷ ಇಡಿ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟದಿದ್ದರೆ ಬೆಂದಿತೆಂದು ತಿಳಿಯಿರಿ. ಕೈ ಒದ್ದೆ ಮಾಡಿಕೊಂಡು ಬಿಸಿಯಿರುವಾಗಲೇ ಕಟ್ಟಿರಿ.

ಒಂದೇ ಮಡಕೆಯಲ್ಲಿ ಸಾರೂ ಪಲ್ಯವೂ

ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೈಯೇ ಒಲೆಯನ್ನೂ ನೋಡಬೇಕು. ಅಂಥವರಿಗೆ ಬಸ್ಸಾರಿಗಿಂತ ಒಳ್ಳೆಯ ಅಡಿಗೆ ಇಲ್ಲ.

ಐದಾರು ಮಂದಿಗೆ ಕಾಲು ಕಿಲೋ ಹುರುಳಿ ಸಾಕು. ಕಲ್ಲು ಆರಿಸಿ, ತೊಳೆದು, ರಾತ್ರಿಯೆಲ್ಲ ನೆನೆಯಿಡಿ. ಬಸಿದು ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟರೆ ಮೊಳಕೆ ಬರುತ್ತದೆ. ಮೊಳಕೆಯಿಂದ ಎರಡು ಲಾಭ: ಕಾಳು ಬೇಗ ಬೇಯುತ್ತದೆ, ಅದರಲ್ಲಿರುವ ಕಬ್ಬಿಣವು ಮೈಗೆ ಹೆಚ್ಚಾಗಿ ಹತ್ತುತ್ತದೆ. ನಾಲ್ಕೈದು ಲೋಟ ನೀರಿನಲ್ಲಿ ಕಾಳನ್ನು ಮೆತ್ತಗೆ ಬೇಯಿಸಿ. ಎರಡು ಹಿಡಿ ನುಗ್ಗೆಸೊಪ್ಪನ್ನು ಕಡ್ಡಿ ತೆಗೆದು ತೊಳೆದು, ಕೊನೆಯ ನಾಲ್ಕೈದು ನಿಮಿಷ ಇರುವಾಗ ಹಾಕಿ. ಹೆಚ್ಚು ಬೆಂದರೆ ಸೊಪ್ಪು ಕಹಿಯಾಗುತ್ತದೆ. ಈಗ ಕಟ್ಟನ್ನು ಬಸಿದುಕೊಳ್ಳಿ. ಸತ್ವ ಇಳಿದಿರುವುದು ಆ ನೀರಿನಲ್ಲಿಯೇ. ಒಂದು ಹನಿಯನ್ನೂ ಚೆಲ್ಲತಕ್ಕದ್ದಲ್ಲ.

ಖಾರಕ್ಕೆ ಹತ್ತು ಹನ್ನೆರಡು ಸಣ್ಣ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ. ಇವನ್ನು ಸ್ವಲ್ಪ ಎಣ್ಣೆಯಲ್ಲಿ ಹುರಿದು, ಒಂದು ಹಿಡಿ ತೆಂಗಿನ ತುರಿ, ಸ್ವಲ್ಪ ಹುಣಿಸೆಹಣ್ಣು, ಒಂದು ಹಿಡಿ ಬೆಂದ ಹುರುಳಿ ಸೇರಿಸಿ ನುಣ್ಣಗೆ ಅರೆಯಿರಿ. ಕಾಳು ಅರೆದರೆ ಸಾರು ತಾನೇ ಗಟ್ಟಿಯಾಗುತ್ತದೆ, ತೆಂಗಿನಕಾಯಿ ಹೆಚ್ಚು ಬೇಡ. ಖಾರವನ್ನು ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ, ಇಳಿಸುವ ಮೊದಲು ಉಪ್ಪು ಹಾಕಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ಉಳಿದ ಕಾಳುಸೊಪ್ಪಿಗೆ ಈರುಳ್ಳಿಯ ಒಗ್ಗರಣೆ ಹಾಕಿದರೆ ಪಲ್ಯ. ಉಣ್ಣುವಾಗ ಪಲ್ಯಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿ. ಆ ಹುಳಿಯಿಂದ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಚಹಾ ಕಾಫಿಗಳು ಅದನ್ನು ತಡೆಯುತ್ತವೆ. ಆದುದರಿಂದ ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಹಿತ್ತಿಲಿಗೆ ಒಂದು ನುಗ್ಗೆ

ಪಿ.ಕೆ.ಎಂ. 1 ಎಂಬ ಹೆಸರುವಾಸಿ ನುಗ್ಗೆ ತಳಿ ನಿಮ್ಮ ಸೀಮೆಯದೇ. ಥೇಣಿ ಜಿಲ್ಲೆಯ ಪೆರಿಯಕುಳಂ ತೋಟಗಾರಿಕೆ ಕಾಲೇಜಿನಲ್ಲಿ ಸಿದ್ಧವಾಗಿ 1989ರಲ್ಲಿ ಬಿಡುಗಡೆಯಾಯಿತು. ಕೊಂಬೆ ನೆಡಬೇಕಾಗಿಲ್ಲ, ಬೀಜದಿಂದಲೇ ಬರುತ್ತದೆ. ಆರೇಳು ತಿಂಗಳಿಗೆ ಕಾಯಿ ಕಾಣುತ್ತದೆ. ನೀರು ನಿಲ್ಲದ ಮೂಲೆ ನೋಡಿ ನೆಡಿ. ಸಸಿ ಎರಡೂವರೆ ಅಡಿ ಬೆಳೆದಾಗ ಕುಡಿ ಚಿವುಟಿದರೆ ಕವಲೊಡೆದು ಸೊಪ್ಪು ಕೈಗೆಟಕುವಂತೆ ಹರಡುತ್ತದೆ. ಸೊಪ್ಪು ಕೊಯ್ಯುವ ಗಿಡಕ್ಕೆ ವಿಷದ ಔಷಧ ಸಿಂಪಡಿಸಕೂಡದು. ಕಂಬಳಿಹುಳುಗಳು ಬೊಡ್ಡೆಯ ಮೇಲೆ ಗುಂಪುಗೂಡಿದಾಗ ಬರಿಗೈ ತಾಕಿಸದೆ ಕೆರೆದು ಕೊಲ್ಲಿರಿ.

ನೆನಪಿಡಬೇಕಾದ ಸಣ್ಣ ಮಾತುಗಳು

ಸೊಪ್ಪು ತರಕಾರಿಗಳನ್ನು ಹೆಚ್ಚುವ ಮೊದಲೇ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವವೆಲ್ಲ ಮೋರಿಗೆ.

ಒಗ್ಗರಣೆಗೂ ಪಲ್ಯಕ್ಕೂ ಕಬ್ಬಿಣದ ಬಾಣಲೆ ಒಳ್ಳೆಯದು. ಹುಳಿ ಪದಾರ್ಥಗಳನ್ನು ಅಲ್ಯುಮಿನಿಯಂ ಪಾತ್ರೆಯಲ್ಲಾಗಲಿ ಕಲಾಯಿಲ್ಲದ ಹಿತ್ತಾಳೆಯಲ್ಲಾಗಲಿ ಇಡಬಾರದು. ಮಣ್ಣಿನ ಮಡಕೆಯೇ ಸರಿ.

ರಾತ್ರಿ ಉಳಿದ ಮುದ್ದೆಯನ್ನು ನೀರಿನಲ್ಲಿ ಇಟ್ಟು, ಬೆಳಿಗ್ಗೆ ಕಿವುಚಿ, ಮಜ್ಜಿಗೆ ಉಪ್ಪು ಬೆರೆಸಿದರೆ ಅಂಬಲಿ. ಸಣ್ಣ ಈರುಳ್ಳಿ ಕಚ್ಚಿಕೊಂಡು ಕುಡಿದರೆ ಬಿಸಿಲಿಗೆ ತಂಪು. ಉಳಿದ ಅನ್ನವನ್ನೂ ಆರಿದ ಕೂಡಲೇ ನೀರಿಗೆ ಹಾಕಿ. ಬಿಸಿಲ ಕಾಲದಲ್ಲಿ ಒಣಗಿದಂತೆಯೇ ಇಟ್ಟ ಅನ್ನ ಬೇಗ ಕೆಡುತ್ತದೆ; ಕೆಟ್ಟದ್ದನ್ನು ಮತ್ತೆ ಕುದಿಸಿದರೂ ವಿಷ ಪೂರ್ತಿ ಹೋಗದು.

ಅಂಗಡಿಯ ಹೆಸರು, ಮನೆಯ ಹೆಸರು

ಅಂಗಡಿಯಲ್ಲಿ ರಾಗಿಗೆ ಕೇಳ್ವರಗು, ಹುರುಳಿಗೆ ಕೊಳ್ಳು, ನುಗ್ಗೆಸೊಪ್ಪಿಗೆ ಮುರುಂಗೈ ಕೀರೆ ಎಂದು ಕೇಳಿದರೆ ತಾನೇ ಸಿಕ್ಕುವುದು? ಹಾಗೆಯೇ ಕೇಳಿರಿ. ನೆರೆಯವರ ನುಡಿ ಬಲ್ಲವನಿಗೆ ನಷ್ಟವಿಲ್ಲ. ಆದರೆ ಚೀಲವನ್ನು ಮನೆಯೊಳಗೆ ಇಳಿಸಿದ ಮೇಲೆ ಮಕ್ಕಳ ಮುಂದೆ ರಾಗಿ, ಹುರುಳಿ, ಸೊಪ್ಪು ಎಂದೇ ಹೇಳಿ. ಉಣ್ಣುವ ವಸ್ತುವಿನ ಹೆಸರು ಮಕ್ಕಳ ಬಾಯಿಂದ ಬೇಗ ಅಳಿಯುವುದಿಲ್ಲ. ಮುದ್ದೆಯೇ ಮನೆಯಿಂದ ಹೋದರೆ ಮುದ್ದೆಯೆಂಬ ಮಾತಿಗೆ ನೆಲೆಯೆಲ್ಲಿ?

ಕೊನೆಗೊಂದು ಎಚ್ಚರಿಕೆ. ಊಟ ಔಷಧವಲ್ಲ. ಬಸುರಿಯರೂ ಬಾಣಂತಿಯರೂ, ಸದಾ ಸುಸ್ತೆನ್ನುವವರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗತಕ್ಕದ್ದು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ತಾಯಿಗೂ ಒಂದು ಇಡೀ ಮುದ್ದೆ, ಒಂದು ಸೌಟು ತುಂಬ ಕಾಳು ಮೊದಲೇ ತೆಗೆದಿಡಿ. ಮುಂದಿನ ಬಿತ್ತನೆಯಲ್ಲಿ ಹೊಲದ ಅಂಚಿಗೆ ನಾಲ್ಕು ಸಾಲು ಹುರುಳಿ ಬಿತ್ತಲು ಗಂಡಸರು ಮರೆಯದಿರಲಿ.