ನೆಲದ ಋಣದಲ್ಲಿ ನಿಂತ ವೋಲ್ತೆರ್ರಾ

ಇಟಲಿಗೆ ಹೋಗಿಬರುವ ನಮ್ಮವರ ಸಂಚಾರಕ್ರಮವು ಬಹುಮಟ್ಟಿಗೆ ಒಂದೇ ತೆರನಾದುದು: ರೋಮಿನಲ್ಲಿ ಎರಡು ದಿನ, ಫ್ಲಾರೆನ್ಸಿನಲ್ಲಿ ಒಂದು, ವೆನಿಸ್ಸಿನಲ್ಲಿ ಒಂದು, ನಡುವೆ ಪೀಸಾದ ವಾಲುಗೋಪುರದ ಮುಂದೆ ಅರ್ಧ ಗಂಟೆ. ಆ ಮಹಾನಗರಗಳ ವೈಭವವನ್ನು ಕಡೆಗಣಿಸತಕ್ಕದ್ದೆಂದು ಯಾರೂ ಹೇಳಲಾರರು. ಆದರೆ ಫ್ಲಾರೆನ್ಸ್, ಪೀಸಾ, ಸಿಯೆನಾ ಎಂಬ ಮೂರು ಪ್ರಖ್ಯಾತ ನಗರಗಳ ನಡುವಣ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದ ದಿಣ್ಣೆಯೊಂದರ ನೆತ್ತಿಯ ಮೇಲೆ, ಎರಡೂವರೆ ಸಹಸ್ರ ವರ್ಷಗಳಿಗೂ ಮಿಕ್ಕಿ ಜನವಸತಿ ತಪ್ಪದೆ ನಡೆದುಬಂದ ವೋಲ್ತೆರ್ರಾ ಎಂಬ ಸಣ್ಣ ಊರನ್ನು ಕಾಣದೆ ಹಿಂದಿರುಗಿದವನು ಟಸ್ಕನಿಯನ್ನು ಕಂಡನೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಚಿತ್ರಗಳಿಗಾಗಿ, ಶಿಲ್ಪಗಳಿಗಾಗಿ ಫ್ಲಾರೆನ್ಸಿಗೆ ಹೋಗಬೇಕು. ಒಂದು ಊರು ತನ್ನ ಕಾಲಡಿಯ ನೆಲದಿಂದ ಹೇಗೆ ಹುಟ್ಟುತ್ತದೆ, ಆ ನೆಲವನ್ನೇ ನೆಮ್ಮಿ ಹೇಗೆ ಬಾಳುತ್ತದೆ, ಕಡೆಗೆ ಆ ನೆಲಕ್ಕೇ ಹೇಗೆ ಋಣ ತೀರಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ವೋಲ್ತೆರ್ರಾಕ್ಕೆ ಬರಬೇಕು.

ಬರುವುದು ಸುಲಭವಲ್ಲ; ಊರು ಇಷ್ಟು ನೆಮ್ಮದಿಯಾಗಿ ಉಳಿದಿರುವುದಕ್ಕೆ ಅದೂ ಒಂದು ಕಾರಣ. ಕೆಳಗಣ ಸಾಲೀನೆ ಎಂಬ ಹಳ್ಳಿಯಿಂದ ಹಲ್ಲುಚಕ್ರದ ಆಸರೆಯಲ್ಲಿ ಬೆಟ್ಟವೇರುತ್ತಿದ್ದ ರೈಲು 1912ರಲ್ಲಿ ಆರಂಭವಾಗಿ 1958ರಲ್ಲಿ ನಿಂತುಹೋಯಿತು. ಈಗ ಫ್ಲಾರೆನ್ಸಿನಿಂದ ಹೊರಟವರು ಕೊಲ್ಲೆ ದಿ ವಾಲ್ ದೆಲ್ಸಾ ಎಂಬಲ್ಲಿ ಬಸ್ಸು ಬದಲಾಯಿಸಿ, ಬೆಟ್ಟದ ಬೆನ್ನಿನ ಮೇಲೆ ಅಂಕುಡೊಂಕಾಗಿ ಸಾಗುವ ದಾರಿಯಲ್ಲಿ ಬರಬೇಕು. ಈ ದಾರಿಯೇ ಒಂದು ದರ್ಶನ. ಟಸ್ಕನಿಯೆಂದೊಡನೆ ಚಿತ್ರಪತ್ರಗಳಲ್ಲಿ ಕಾಣುವ ದ್ರಾಕ್ಷಿತೋಟ, ಸೈಪ್ರೆಸ್ ಮರಗಳ ಸಾಲು ಇಲ್ಲಿ ವಿರಳ. ಮರವಿಲ್ಲದ ಬೋಳು ಗುಡ್ಡಗಳು ಒಂದರ ಹಿಂದೊಂದು ಹರಡಿ, ವಸಂತದಲ್ಲಿ ಗೋಧಿಯ ಎಳೆಹಸುರನ್ನು ಹೊದ್ದು, ಕೊಯ್ಲು ಮುಗಿದ ಮೇಲೆ ಬೂದಿಬಣ್ಣಕ್ಕೆ ತಿರುಗಿ, ಮಳೆ ಬಿದ್ದಾಗ ಜೇಡಿಯಾಗಿ ಕುಸಿದು, ವರ್ಷಕ್ಕೆ ಮೂರು ಬೇರೆಬೇರೆ ದೇಶಗಳಂತೆ ತೋರುತ್ತವೆ. ಇದೇ ಊರಿನಲ್ಲಿ ಹುಟ್ಟಿದ ಶಿಲ್ಪಿ ಮೌರೋ ಸ್ತಾಚೋಲಿಯು ಈ ಹೊಲಗಳ ಅಂಚಿನಲ್ಲಿ ನಿಲ್ಲಿಸಿರುವ ಬೃಹತ್ತಾದ ಕೆಂಪು ಬಳೆಯ ನಡುವಿನಿಂದ ನೋಡಿದರೆ ಭೂದೃಶ್ಯವೇ ಚೌಕಟ್ಟಿನಲ್ಲಿಟ್ಟ ಚಿತ್ರವಾಗುತ್ತದೆ. ಆಧುನಿಕ ಶಿಲ್ಪವು ಹಳೆಯ ಭೂಮಿಗೆ ಇಷ್ಟು ವಿನಯದಿಂದ ಹೊಂದಿಕೊಂಡ ನಿದರ್ಶನಗಳು ಹೆಚ್ಚಿಲ್ಲ.

ಊರನ್ನು ಕಟ್ಟಿದವರು ಎಟ್ರಸ್ಕರು. ರೋಮನರ ಪ್ರಾಬಲ್ಯಕ್ಕೆ ಮುಂಚೆ ಮಧ್ಯ ಇಟಲಿಯನ್ನಾಳಿದ ಈ ಜನರ ಲಿಪಿಯನ್ನು ವಿದ್ವಾಂಸರು ಸಲೀಸಾಗಿ ಓದಬಲ್ಲರಾದರೂ ಭಾಷೆಯ ಅರ್ಥವು ಭಾಗಶಃ ಮಾತ್ರ ತಿಳಿದಿದೆ. ಅವರ ಹನ್ನೆರಡು ಪ್ರಮುಖ ನಗರಗಳಲ್ಲಿ ಇದೂ ಒಂದು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅವರು ಎತ್ತಿದ ಕೋಟೆಗೋಡೆಯ ಸುತ್ತಳತೆ ಏಳು ಕಿಲೋಮೀಟರುಗಳಿಗೂ ಹೆಚ್ಚು. ಮಧ್ಯಯುಗದವರು ತಮ್ಮ ಊರಿಗೆ ಕಟ್ಟಿಕೊಂಡ ಗೋಡೆಯು ಅದರ ಅರ್ಧಕ್ಕೂ ಸಾಲದು. ಹೀಗಾಗಿ ಇಂದು ಪೌಳಿಯ ಹೊರಗೆ ಬಹುದೂರ ನಡೆದುಹೋದ ಮೇಲೂ ಆಲಿವ್ ತೋಪಿನ ನಡುವೆ ಎಟ್ರಸ್ಕರ ಗೋಡೆಯ ಕಲ್ಲುಗಳು ಎದುರಾಗುತ್ತವೆ. ಆ ಕೋಟೆಯ ಬಾಗಿಲುಗಳಲ್ಲಿ ‘ಪೋರ್ತಾ ಅಲ್ಲಾರ್ಕೋ’ ಎಂಬುದು ಇಂದಿಗೂ ನಿಂತಿದೆ. ಅದರ ಕಮಾನಿನಿಂದ ಮೂರು ಕಲ್ಲಿನ ಶಿರಗಳು ಹೊರಚಾಚಿವೆ. ಗಾಳಿಮಳೆಗೆ ಸವೆದು ಕಣ್ಣು ಮೂಗುಗಳೆಲ್ಲ ಅಳಿಸಿಹೋಗಿರುವ ಅವು ದೇವತೆಗಳವೋ ವೈರಿಗಳವೋ ಎಂಬ ವಾದವು ಇನ್ನೂ ಮುಗಿದಿಲ್ಲ. 1944ರ ಜೂನ್ ಅಂತ್ಯದಲ್ಲಿ, ಅಮೆರಿಕದ ಸೈನ್ಯವು ಸಮೀಪಿಸುತ್ತಿರಲು, ದಾರಿಯನ್ನು ಮುಚ್ಚುವುದಕ್ಕಾಗಿ ಈ ಬಾಗಿಲನ್ನು ಸಿಡಿಮದ್ದಿನಿಂದ ಉರುಳಿಸಲು ಜರ್ಮನರು ನಿಶ್ಚಯಿಸಿದರು. ಊರಿನವರು ಬಂದು, ದಾರಿ ಮುಚ್ಚಬೇಕೆಂಬುದಷ್ಟೇ ನಿಮ್ಮ ಇಷ್ಟವಾದರೆ ನಾವೇ ಮುಚ್ಚಿಕೊಡುತ್ತೇವೆಂದು ಒಪ್ಪಿಸಿ, ಬೀದಿಗೆ ಹಾಸಿದ್ದ ಚಪ್ಪಡಿಗಳನ್ನೆಲ್ಲ ಗಂಡಸರು ಹೆಂಗಸರೆನ್ನದೆ ಕಿತ್ತು ತಂದು, ಕೊಟ್ಟ ಒಂದು ದಿನದ ಗಡುವಿನೊಳಗೆ ಕಮಾನನ್ನು ತುಂಬಿಬಿಟ್ಟರು. ಎರಡು ಸಾವಿರ ವರ್ಷಗಳಾಚೆಯ ಅನ್ಯಭಾಷಿಕ ಪೂರ್ವಿಕರ ಕಟ್ಟಡವೊಂದನ್ನು ತಮ್ಮ ಮನೆಯ ಬಾಗಿಲೆಂದೇ ಬಗೆದ ಆ ಜನರನ್ನು ನೆನೆದಾಗ, ಪರಂಪರೆಯನ್ನು ಕುರಿತು ನಾವು ಬರೆಯುವ ದೀರ್ಘ ಪ್ರಬಂಧಗಳ ವಿಷಯದಲ್ಲಿ ನನಗೆ ಸಂಕೋಚವಾಗುತ್ತದೆ.

ಎಟ್ರಸ್ಕರ ನಿಜವಾದ ಪರಿಚಯವಾಗುವುದು ಗ್ವಾರ್ನಾಚ್ಚಿ ವಸ್ತುಸಂಗ್ರಹಾಲಯದಲ್ಲಿ. ಮಾರಿಯೋ ಗ್ವಾರ್ನಾಚ್ಚಿ ಎಂಬ ವಿದ್ವಾಂಸನಾದ ಪಾದ್ರಿಯು ತಾನು ಕೂಡಿಟ್ಟ ಪ್ರಾಚೀನ ವಸ್ತುಗಳನ್ನೂ ಅಪಾರ ಗ್ರಂಥರಾಶಿಯನ್ನೂ 1761ರಲ್ಲಿ ಊರಿನ ಪ್ರಜೆಗಳಿಗೆ ದಾನಮಾಡಿದನು. ಯೂರೋಪಿನ ಅತಿ ಹಳೆಯ ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಒಂದು ಹೀಗೆ ಹುಟ್ಟಿತು. ಇಲ್ಲಿ ಆರುನೂರಕ್ಕೂ ಮಿಕ್ಕಿ ಅಸ್ಥಿಕರಂಡಗಳಿವೆ. ಇಲ್ಲಿನ ಎಟ್ರಸ್ಕರು ಬಹುಮಟ್ಟಿಗೆ ಶವವನ್ನು ದಹಿಸಿ, ಭಸ್ಮವನ್ನು ಮೊಳಕ್ಕಿಂತ ತುಸು ದೊಡ್ಡದಾದ ಕಲ್ಲುಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಮೇಲೆ ಸತ್ತವರನ್ನು ಔತಣದಲ್ಲಿ ಒರಗಿ ಕುಳಿತವರಂತೆ ಕಡೆಯುತ್ತಿದ್ದರು: ಗಂಡಸಿನ ಕೈಯಲ್ಲಿ ಪಾನಪಾತ್ರೆ, ಹೆಂಗಸಿನ ಕೈಯಲ್ಲಿ ಬೀಸಣಿಗೆಯೋ ದಾಳಿಂಬೆಯೋ. ಪೆಟ್ಟಿಗೆಯ ಮುಂಭಾಗದಲ್ಲಿ ಗ್ರೀಕರ ಪುರಾಣಕಥೆಗಳಿರುತ್ತವೆ. ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವುವು ಕಮಾನುಗಾಡಿಯಲ್ಲಿ ಕುಳಿತು ಪರಲೋಕಕ್ಕೆ ಹೊರಟವರ ಕೆತ್ತನೆಗಳು. ಅವುಗಳಲ್ಲಿ ಗೋಳಾಟವಿಲ್ಲ, ಭಯವೂ ಹೆಚ್ಚಿಲ್ಲ. ದೂರದ ಊರಿಗೆ ಹೊರಟವರ ಗಾಂಭೀರ್ಯವಷ್ಟೇ ಉಂಟು. ಸುಟ್ಟ ಮಣ್ಣಿನ ಒಂದು ಕರಂಡದ ಮೇಲಿರುವ ವೃದ್ಧ ದಂಪತಿಗಳ ಮುಖವನ್ನಂತೂ ಒಮ್ಮೆ ಕಂಡವರು ಮರೆಯಲಾರರು. ಶಿಲ್ಪಿಯು ಸುಕ್ಕುಗಳನ್ನು ಮರೆಮಾಡಿಲ್ಲ, ಗಲ್ಲದ ಜೋಲನ್ನು ತಿದ್ದಿಲ್ಲ. ಅರ್ಧ ಶತಮಾನ ಕೂಡಿ ಬಾಳಿದವರು ಒಬ್ಬರನ್ನೊಬ್ಬರು ನೋಡುವ ನೋಟವನ್ನು ಇದ್ದಂತೆಯೇ ಹಿಡಿದಿದ್ದಾನೆ. ಜನರು ಮುಗಿಬೀಳುವುದು ‘ಸಂಜೆಯ ನೆರಳು’ ಎಂದು ಹೆಸರಾದ, 57 ಸೆಂಟಿಮೀಟರ್ ಉದ್ದದ, ಕಡ್ಡಿಯಂತೆ ನೀಳವಾದ ಕಂಚಿನ ಹುಡುಗನ ಮುಂದೆ. ಅದು ಸುಂದರವೇ ಸರಿ. ಆದರೂ ಇರುವ ಸಮಯದ ಬಹುಭಾಗವನ್ನು ಆ ಮುದುಕ ಮುದುಕಿಯರಿಗೆ ಕೊಡಬೇಕೆಂದು ನನ್ನ ಬಿನ್ನಹ.

ಈ ಕರಂಡಗಳಲ್ಲಿ ಅತ್ಯುತ್ತಮವಾದುವು ಅಲಬಾಸ್ಟರ್ ಶಿಲೆಯವು, ಮತ್ತು ಆ ಕಸುಬು ಇಂದಿಗೂ ಇಲ್ಲಿ ಜೀವಂತವಾಗಿದೆ. ಅಲಬಾಸ್ಟರ್ ಎಂಬುದು ಜಿಪ್ಸಮ್ಮಿನ ಒಂದು ಸ್ಫಟಿಕರೂಪ. ಸುತ್ತಣ ಬೆಟ್ಟಗಳ ಜೇಡಿಯ ನಡುವೆ ದೊಡ್ಡ ಮೊಟ್ಟೆಗಳಂತಹ ಗುಂಡುಗಳಾಗಿ ದೊರೆಯುತ್ತದೆ. ನಮ್ಮ ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲಿನಂತೆ ಇದೂ ಉಳಿಗೆ ಸುಲಭವಾಗಿ ಬಗ್ಗುವ ಮೃದುಶಿಲೆ. ಆದರೆ ಬೆಳಕನ್ನು ಒಳಗೆ ಬಿಟ್ಟುಕೊಂಡು ಮೈಯೆಲ್ಲ ಹರಡಿಕೊಳ್ಳುವ ಗುಣವು ಇದಕ್ಕೆ ವಿಶೇಷ. ನೀರಿಗೆ ನಿಧಾನವಾಗಿ ಕರಗುವ ಸ್ವಭಾವವಿರುವುದರಿಂದ ಮಳೆಗೆ ಒಡ್ಡಲಾಗದು. ಮನೆಯೊಳಗಣ ದೀಪಕ್ಕೆ, ಬಟ್ಟಲಿಗೆ, ಪ್ರತಿಮೆಗೆ ಇದು ಸಲ್ಲುತ್ತದೆ. ರೋಮನರ ಕಾಲದ ತರುವಾಯ ಬಹುಕಾಲ ಕ್ಷೀಣಿಸಿದ್ದ ಈ ಕಲೆಯು, 18ನೆಯ ಶತಮಾನದ ಕೊನೆಯಲ್ಲಿ ಮಾರ್ಚೆಲ್ಲೋ ಇಂಗಿರಾಮಿ ತೆರೆದ ಕಾರ್ಯಶಾಲೆಯಿಂದ ಹೊಸ ಚೈತನ್ಯ ಪಡೆಯಿತು. 19ನೆಯ ಶತಮಾನದಲ್ಲಿ ಇಲ್ಲಿನ ವರ್ತಕರು ಪೆಟ್ಟಿಗೆಗಳಲ್ಲಿ ಅಲಬಾಸ್ಟರಿನ ಸಾಮಾನು ತುಂಬಿಕೊಂಡು ಅಮೆರಿಕ, ಏಷ್ಯಗಳವರೆಗೂ ಸಂಚರಿಸಿದರು. ಅವರಲ್ಲಿ ಜುಸೆಪ್ಪೆ ವೀತಿ ಎಂಬವನು ಭಾರತಕ್ಕೂ ಬಂದವನು. ಅವನ ಅರಮನೆ ಈಗ ಪ್ರವಾಸಿಗಳಿಗೆ ತೆರೆದಿದ್ದು, ಅವನು ತಂದ ಭಾರತೀಯ ಉಡುಪುಗಳನ್ನು ಅಲ್ಲಿ ನೋಡಬಹುದು. ಮೆಕ್ಸಿಕೋದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನಿಗಾಗಿ ಕಡೆದ ಆಳೆತ್ತರದ ಅಲಬಾಸ್ಟರ್ ದೀಪಸ್ತಂಭಗಳೂ ಅಲ್ಲಿವೆ. 1867ರಲ್ಲಿ ಆತನನ್ನು ಗುಂಡಿಟ್ಟು ಕೊಂದುದರಿಂದ ಅವು ಊರು ಬಿಟ್ಟು ಹೋಗಲೇ ಇಲ್ಲ. ಓಣಿಗಳಲ್ಲಿ ಅಡ್ಡಾಡುವಾಗ ಕಿಟಕಿ ಬಾಗಿಲುಗಳೆಲ್ಲ ಬಿಳಿಯ ಹುಡಿಯಿಂದ ಮುಚ್ಚಿದ ಮನೆ ಕಂಡರೆ ಒಳಗೊಬ್ಬ ಕೆಲಸಗಾರನಿರುವನೆಂದು ತಿಳಿಯಬಹುದು. ಅಂಗಡಿಗಳಲ್ಲಿ ಸಾಲುಗಟ್ಟಿದ ಅಗ್ಗದ ಬೊಂಬೆಗಳನ್ನು ಕೊಳ್ಳುವುದಕ್ಕಿಂತ ಇಂತಹ ಹುಡಿಯ ಬಾಗಿಲಿನಲ್ಲಿ ನಿಂತು, ಚರಕಿಯ ಮೇಲೆ ಬಟ್ಟಲು ರೂಪುಗೊಳ್ಳುವುದನ್ನು ನೋಡಿ, ಕಡೆದವನ ಕೈಯಿಂದಲೇ ಒಂದನ್ನು ಕೊಳ್ಳುವುದು ಮೇಲು.

ಮಧ್ಯಯುಗದ ಊರನ್ನು ನಾನು ಸಂಕ್ಷೇಪಿಸುತ್ತೇನೆ. ಮಾರ್ಗದರ್ಶಿ ಪುಸ್ತಕಗಳೆಲ್ಲ ಅದನ್ನು ವಿಸ್ತರಿಸಿವೆ. 1208ರಲ್ಲಿ ಆರಂಭವಾಗಿ 1257ರಲ್ಲಿ ಮುಗಿದ ಪುರಭವನವು ಟಸ್ಕನಿಯಲ್ಲಿ ಅತ್ಯಂತ ಹಳೆಯದು. ರೋಸ್ಸೋ ಫಿಯೊರೆಂತೀನೋ 1521ರಲ್ಲಿ ಬರೆದ, ಯೇಸುವನ್ನು ಶಿಲುಬೆಯಿಂದ ಇಳಿಸುವ ಚಿತ್ರವು ಈ ಊರಿನ ಸ್ವತ್ತು. ಅದರ ಚೂಪು ಬಣ್ಣಗಳೂ ಮೊನಚಾದ ಮಡಿಕೆಗಳೂ ಇಂದು ಬರೆದಷ್ಟು ಹೊಸವಾಗಿವೆ. 1472ರಲ್ಲಿ ಪಟಿಕದ ಗಣಿಯೊಂದರ ಒಡೆತನದ ಜಗಳವು ಬೆಳೆದು, ಫ್ಲಾರೆನ್ಸಿನ ಒಡೆಯನಾಗಿದ್ದ ಲೊರೆಂಜೊ ಮೆದಿಚಿಯ ಪರವಾಗಿ ಉರ್ಬಿನೋದ ಫೆದೆರೀಗೊ ದಂಡೆತ್ತಿ ಬಂದನು. ಊರು ಶರಣಾದ ಮೇಲೂ ಸೈನಿಕರು ಅದನ್ನು ಸೂರೆಗೈದರು. ಸ್ವಾತಂತ್ರ್ಯ ಹೋಯಿತು, ಊರಿನ ತಲೆಯ ಮೇಲೆ ಮೆದಿಚಿಗಳ ಕೋಟೆಯೆದ್ದಿತು. ಆ ಕೋಟೆ ಇಂದಿಗೂ ಸೆರೆಮನೆಯಾಗಿದೆ. ಆದರೆ 1988ರಿಂದ ಅದರೊಳಗೆ ಆರ್ಮಾಂದೋ ಪುಂತ್ಸೋ ಎಂಬ ನಿರ್ದೇಶಕನು ದೀರ್ಘಶಿಕ್ಷೆಯ ಕೈದಿಗಳನ್ನೇ ನಟರನ್ನಾಗಿಸಿ ಕಟ್ಟಿ ಬೆಳೆಸಿದ ನಾಟಕಮಂಡಲಿಯು ಯೂರೋಪಿನಲ್ಲೆಲ್ಲ ಗೌರವ ಪಡೆದಿದೆ. ಬೇಸಗೆಯಲ್ಲಿ ಮೊದಲೇ ಅನುಮತಿ ಪಡೆದ ಪ್ರೇಕ್ಷಕರು ಸೆರೆಮನೆಯ ಅಂಗಳದಲ್ಲಿ ಕುಳಿತು ಆಟವನ್ನು ನೋಡುತ್ತಾರೆ.

ಸಮಾಜವು ಹೊರಗಿಟ್ಟವರು ಈ ಊರಿಗೆ ಕೊಟ್ಟ ಕೊಡುಗೆ ಇದೊಂದೇ ಅಲ್ಲ. ಕೋಟೆಗೋಡೆಯ ಉತ್ತರದ ಬುಡದಲ್ಲಿ, ಶತಮಾನಗಳ ಕಾಲ ಊರಿನ ಕಸ ಬೀಳುತ್ತಿದ್ದ ತಗ್ಗಿನಲ್ಲಿ, ರೋಮನರ ಕಾಲದ ರಂಗಮಂದಿರವಿರುವುದನ್ನು 1950ರ ದಶಕದಲ್ಲಿ ಸ್ಥಳೀಯ ಇತಿಹಾಸಜ್ಞ ಎನ್ರೀಕೋ ಫಿಯೂಮಿ ಪತ್ತೆಹಚ್ಚಿದನು. ಅಗೆಯಲು ಹಣವಿರಲಿಲ್ಲ, ಆಳುಗಳಿರಲಿಲ್ಲ. ಆಗ ಕೈಗೂಡಿದವರು ಊರಿನ ಮಾನಸಿಕ ಚಿಕಿತ್ಸಾಲಯದ ರೋಗಿಗಳು. ಅವರ ಗುದ್ದಲಿಗಳಿಂದಲೇ ಅರ್ಧಚಂದ್ರಾಕಾರದ ಸೋಪಾನಗಳೂ ರಂಗದ ಹಿಂದಣ ಕಂಬಗಳೂ ಬೆಳಕು ಕಂಡುವು. ಇಂದು ಗೋಡೆಯ ಮೇಲಿನಿಂದ ಅದನ್ನು ನೋಡಿ ಮೆಚ್ಚುವವರಲ್ಲಿ ಆ ಅನಾಮಿಕರನ್ನು ನೆನೆಯುವವರು ಕಡಮೆ. ನೆನೆಯಬೇಕೆಂಬುದೇ ನಾನಿಷ್ಟು ವಿಸ್ತರಿಸಲು ಕಾರಣ. ಅದೇ ಚಿಕಿತ್ಸಾಲಯದಲ್ಲಿ ವರ್ಷಗಟ್ಟಲೆ ಇದ್ದ ಫೆರ್ನಾಂದೋ ಒರೆಸ್ತೆ ನನ್ನೆತ್ತಿ ಎಂಬವನು, ತನ್ನ ಅಂಗಿಯ ಕೊಂಡಿಯನ್ನೇ ಲೇಖನಿ ಮಾಡಿಕೊಂಡು, ಅಂಗಳದ ಗೋಡೆಯ ಗಾರೆಯ ಮೇಲೆ ನಕ್ಷತ್ರಗಳು, ಯಂತ್ರಗಳು, ಕಲ್ಪಿತ ವಂಶಾವಳಿಗಳನ್ನು ನೂರಾರು ಅಡಿಗಳಷ್ಟು ಉದ್ದಕ್ಕೆ ಕೊರೆದನು. ಇಟಲಿಯು 1978ರ ಕಾಯಿದೆಯಿಂದ ಇಂತಹ ಹುಚ್ಚಾಸ್ಪತ್ರೆಗಳನ್ನು ಮುಚ್ಚಲು ತೊಡಗಿದ ಮೇಲೆ ಕಟ್ಟಡಗಳು ಪಾಳುಬಿದ್ದು, ಆ ಗಾರೆಯ ಬಹುಭಾಗ ಉದುರಿತು; ಬಿಡಿಸಿ ಕಾಪಾಡಿದ ಕೆಲವು ಭಾಗಗಳು ಮಾತ್ರ ಉಳಿದಿವೆ.

ಊರಿನ ವಾಯವ್ಯದ ಅಂಚಿಗೆ ನಡೆದರೆ ನೆಲವು ತಟಕ್ಕನೆ ಮುಗಿಯುತ್ತದೆ. ‘ಬಾಲ್ತ್ಸೆ’ ಎಂದು ಕರೆಯುವ ಈ ಕಮರಿಗಳ ಮೇಲುಪದರ ಹಳದಿಯ ಮರಳುಕಲ್ಲು, ಕೆಳಗಿನದು ಜೇಡಿ. ಮಳೆನೀರು ಮರಳಿನ ಮೂಲಕ ಇಳಿದು ಜೇಡಿಯನ್ನು ಕೊರೆಯುತ್ತದೆ. ಬುಡ ತಪ್ಪಿದ ಮರಳುಗೋಡೆ ಹೆಬ್ಬಂಡೆಗಳಾಗಿ ಉರುಳುತ್ತದೆ. ಎಟ್ರಸ್ಕರ ಗೋರಿಗಳ ಪ್ರದೇಶವೊಂದು, ಅವರ ಕೋಟೆಯ ಒಂದು ಭಾಗ, ಸಂತ ಜೂಸ್ತೋನ ಹಳೆಯ ದೇವಾಲಯ, ಎಲ್ಲವೂ ಈ ಕಂದಕಕ್ಕೆ ಸಂದಿವೆ. ಆ ದೇವಾಲಯ ಬಿದ್ದ ಮೇಲೆ ಜನರು ತುಸು ಹಿಂದೆ ಸರಿದು 1628ರಲ್ಲಿ ಹೊಸದಕ್ಕೆ ಅಸ್ತಿಭಾರವಿಟ್ಟರು. ಕಮರಿಯ ಆಚೆ ಅಂಚಿನಲ್ಲಿ ಕಾಣುವ ಕಮಲ್ದೋಲಿ ಸನ್ಯಾಸಿಗಳ ಮಠವನ್ನು, 1846ರ ಭೂಕಂಪದ ತರುವಾಯ, ಅಂಚು ದಿನೇ ದಿನೇ ಹತ್ತಿರವಾಗುತ್ತಿರಲು, ಸನ್ಯಾಸಿಗಳು 1861ರಲ್ಲಿ ತ್ಯಜಿಸಿಹೋದರು. ಸವೆತವು ಇಂದಿಗೂ ನಿಂತಿಲ್ಲ. 2014ರ ಜನವರಿಯ ಮಳೆಯಲ್ಲಿ ಊರಿನ ಮಧ್ಯಯುಗದ ಗೋಡೆಯದೇ ಒಂದು ಭಾಗ ಕುಸಿಯಿತು.

ತೆಗೆದುಕೊಳ್ಳುವ ನೆಲವೇ ಕೊಡುವ ನೆಲವೂ ಹೌದು. ಕೆಳಗಣ ಸಾಲೀನೆಯಲ್ಲಿ ಭೂಗರ್ಭದ ಉಪ್ಪನ್ನು ನೀರಿನಲ್ಲಿ ಕರಗಿಸಿ ಮೇಲೆತ್ತಿ, ಕಾಯಿಸಿ, ಅತಿ ಶುಭ್ರವಾದ ಉಪ್ಪನ್ನು ಮಾಡುತ್ತಾರೆ. ಇಷ್ಟು ಉಪ್ಪಿದ್ದರೂ ಟಸ್ಕನಿಯ ಪದ್ಧತಿಯಂತೆ ಇಲ್ಲಿನ ರೊಟ್ಟಿ ಉಪ್ಪಿಲ್ಲದ್ದು. ಅದರೊಡನೆ ತಿನ್ನಬೇಕಾದುದು ಈ ಗುಡ್ಡಗಳಲ್ಲಿ ಮೇಯುವ ಕುರಿಗಳ ಹಾಲಿನ ಚೀಸು. ಅದಕ್ಕೆ ಪ್ರಾಣಿಜನ್ಯವಾದ ಹೆಪ್ಪನ್ನು ಬಳಸದೆ, ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ ತೆಗೆದ ರಸದಿಂದ ಹೆಪ್ಪುಗಟ್ಟಿಸುವರಾದುದರಿಂದ, ನಮ್ಮ ಸಸ್ಯಾಹಾರಿಗಳೂ ನಿಶ್ಚಿಂತೆಯಿಂದ ಸವಿಯಬಹುದು. ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಪಯಣಿಸಿದರೆ ಲಾರ್ದೆರೆಲ್ಲೋ. ಅಲ್ಲಿ ಭೂಮಿಯಿಂದ ಉಗಿ ಎದ್ದು ಬರುತ್ತದೆ. ಆ ಉಗಿಯಿಂದ ಯಂತ್ರ ನಡೆಸಿ, ಪಿಯೆರೋ ಜಿನೋರಿ ಕೊಂತಿ ಎಂಬವನು 1904ರ ಜುಲೈ 4ರಂದು ಐದು ವಿದ್ಯುದ್ದೀಪಗಳನ್ನು ಬೆಳಗಿಸಿದನು; ಭೂತಾಪದಿಂದ ವಿದ್ಯುತ್ತನ್ನು ಪಡೆದುದು ಲೋಕದಲ್ಲಿ ಅದೇ ಮೊದಲು.

ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಲಾಗದು. ಆದರೂ ಬರುವವರಲ್ಲಿ ಬಹುಮಂದಿ ಹಗಲಿಗೆ ಬಂದು, ಚೌಕದಲ್ಲಿ ಕಾಫಿ ಕುಡಿದು, ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ಫ್ಲಾರೆನ್ಸಿಗೆ ಹೋಗುವ ಕನ್ನಡಿಗರು ಹಾಗೆ ಮಾಡದಿರಲಿ. ಏಪ್ರಿಲ್, ಮೇ ತಿಂಗಳುಗಳು ಉತ್ತಮ. ಗಾಳಿ ಬಿರುಸಾದುದರಿಂದ ಬೆಚ್ಚನೆಯ ಉಡುಪು ಅವಶ್ಯ. ಎರಡು ರಾತ್ರಿಯಾದರೂ ಗೋಡೆಯೊಳಗಣ ಯಾವುದಾದರೊಂದು ವಸತಿಗೃಹದಲ್ಲಿ ತಂಗಿ, ಮೊದಲ ದಿನವನ್ನು ವಸ್ತುಸಂಗ್ರಹಾಲಯಕ್ಕೂ ಓಣಿಗಳಿಗೂ, ಮರುದಿನವನ್ನು ಕಮರಿಗಳ ಅಂಚಿಗೂ ಉಪ್ಪಿನ ಕಣಿವೆಗೂ ಮೀಸಲಿಟ್ಟು, ಕಾಲ್ನಡಿಗೆಯಲ್ಲಿಯೇ ಆದಷ್ಟನ್ನು ನೋಡಬೇಕೆಂದು ಅವರನ್ನು ಕೇಳಿಕೊಳ್ಳುತ್ತೇನೆ.