ಆಲಿಕಲ್ಲು ಅಂಟುವುದೇಕೆ?

ಅಂಗಳದಲ್ಲಿ ಬಿದ್ದ ಆಲಿಕಲ್ಲುಗಳನ್ನು ಆಯ್ದು ಬಟ್ಟಲಿಗೆ ಹಾಕಿದ್ದೀರಲ್ಲವೆ? ನೋಡುತ್ತಿದ್ದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಂಜುಗಡ್ಡೆಯ ಎರಡು ತುಂಡುಗಳಲ್ಲಿ ಇದನ್ನೇ ಕಂಡ ಮೈಕೆಲ್ ಫ್ಯಾರಡೆ 1850ರಲ್ಲಿ ಲಂಡನ್ನಿನಲ್ಲಿ ಒಂದು ಮಾತು ಹೇಳಿದರು: ಗಡ್ಡೆಯ ಮೈಮೇಲೆ ನೀರಿನ ತೆಳುಪೊರೆಯಿದೆ, ಎರಡು ತುಂಡುಗಳ ನಡುವೆ ಸಿಕ್ಕರೆ ಅದು ಹೆಪ್ಪುಗಟ್ಟುತ್ತದೆ. ಒತ್ತಿದ್ದರಿಂದ ಕರಗಿ ಮತ್ತೆ ಹೆಪ್ಪುಗಟ್ಟಿತು ಎಂದವರೂ ಇದ್ದರು. ಅದು ಸುಳ್ಳಲ್ಲ, ಆದರೆ ಸಾಲದು. ಕರಗುವ ಮಟ್ಟ ಒಂದು ಡಿಗ್ರಿ ಇಳಿಯಲು ವಾಯುಭಾರದ ಸುಮಾರು 130 ಪಟ್ಟು ಒತ್ತಡ ಬೇಕು!

ಗಡ್ಡೆಯೊಳಗೆ ಪ್ರತಿ ನೀರಿನ ಅಣುವೂ ನಾಲ್ಕು ನೆರೆಯ ಅಣುಗಳ ಕೈಹಿಡಿದಿರುತ್ತದೆ. ಮೇಲ್ಮೈಯಲ್ಲಿ ಎಷ್ಟೋ ಅಣುಗಳಿಗೆ ಮೂರೇ ನೆರೆ. ಊರಂಚಿನ ಮನೆಗೆ ಒಂದು ಪಕ್ಕ ಯಾರೂ ಇಲ್ಲದ ಹಾಗೆ. ಹಿಡಿತ ಸಡಿಲ.

ಇದನ್ನು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಆಡಿಸಿ ನೋಡುತ್ತಾರೆ. ಕೆಲವು ಸಾವಿರ ಅಣುಗಳನ್ನು ಹರಳಿನಂತೆ ಜೋಡಿಸಿ, ಒಂದನ್ನೊಂದು ಎಷ್ಟು ಎಳೆಯುತ್ತದೆ, ಎಷ್ಟು ತಳ್ಳುತ್ತದೆ ಎಂದು ಲೆಕ್ಕ ಹಾಕಿ, ಎಲ್ಲವನ್ನೂ ಕೂದಲೆಳೆಯಷ್ಟೂ ಅಲ್ಲದಷ್ಟು ಸರಿಸುವುದು, ಮತ್ತೆ ಲೆಕ್ಕ. ಒಂದೊಂದು ಹೆಜ್ಜೆಯೂ ಸೆಕೆಂಡಿನ ಸಾವಿರ ಲಕ್ಷ ಕೋಟಿಯ ಒಂದೆರಡು ಪಾಲು. ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೇ ಹೊರಪದರ ಕದಡುತ್ತದೆ, ಬಿಸಿಯೇರಿದಂತೆ ಒಳಪದರಕ್ಕೂ ಸಡಿಲ ಹಬ್ಬುತ್ತದೆ. ಫ್ಯಾರಡೆಯ ಪೊರೆ ಇದೇ.

ಆದರೆ ಕಂಪ್ಯೂಟರಿಗೆ ಕೊಟ್ಟ ನಿಯಮ ತಪ್ಪಿದರೆ ಗಡ್ಡೆಯೂ ತಪ್ಪು. 1983ರ ಟಿಐಪಿ4ಪಿ ಎಂಬ ಮಾದರಿಯ ಗಡ್ಡೆ ಮೈನಸ್ 40 ಡಿಗ್ರಿಯ ಸುಮಾರಿಗೇ ಕರಗುತ್ತಿತ್ತು. 2005ರಲ್ಲಿ ಸ್ಪೇನಿನ ವಿಜ್ಞಾನಿಗಳು ಅದನ್ನು ತಿದ್ದಿ ಸೊನ್ನೆಯ ಹತ್ತಿರ ತಂದರು. ಪೊರೆಯ ದಪ್ಪದ ವಿಚಾರದಲ್ಲಿ ಒಂದು ಮಾದರಿಯ ಲೆಕ್ಕ ಇನ್ನೊಂದಕ್ಕೆ ಇಂದಿಗೂ ಪೂರ್ತಿ ತಾಳೆಯಾಗುವುದಿಲ್ಲ.