ವೃದ್ಧರ ಆರೈಕೆ: ಸರಕಾರದ ಪಾಲೆಷ್ಟು, ಮನೆಯ ಪಾಲೆಷ್ಟು?

ಉದ್ಯೋಗಾರ್ಥವಾಗಿ ಮಹಾನಗರಗಳನ್ನು ಸೇರಿದ ಕನ್ನಡ ಕುಟುಂಬಗಳು ಊರಿನಲ್ಲಿರುವ ತಾಯಿತಂದೆಯರನ್ನು ಇಳಿವಯಸ್ಸಿನಲ್ಲಿ ತಮ್ಮೊಡನೆ ಕರೆತಂದು ಇರಿಸಿಕೊಳ್ಳುವುದು ಸಾಮಾನ್ಯ. ಹೀಗೆ ಬಂದ ಹಿರಿಯರೊಬ್ಬರು ಬಚ್ಚಲುಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ, ಸಂಸಾರದ ಮುಂದೆ ಎರಡು ಬಗೆಯ ವೆಚ್ಚಗಳು ನಿಲ್ಲುತ್ತವೆ. ಮೊದಲನೆಯದು ಶಸ್ತ್ರಚಿಕಿತ್ಸೆಯದು, ಎರಡನೆಯದು ಆ ಬಳಿಕ ತಿಂಗಳುಗಟ್ಟಲೆ ನಡೆಯಬೇಕಾದ ಶುಶ್ರೂಷೆಯದು. ಇವೆರಡರ ಭೇದವನ್ನು ಮೊದಲೇ ಅರಿತಿರುವುದು ಅವಶ್ಯಕ. ಏಕೆಂದರೆ ಸರಕಾರದ ನೆರವು ಬಹುಮಟ್ಟಿಗೆ ಮೊದಲನೆಯದಕ್ಕೇ ಸೀಮಿತವಾಗಿದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯು ಮೊದಲಿಗೆ ಬಡ ಕುಟುಂಬಗಳಿಗೆ ಮೀಸಲಾಗಿತ್ತು. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಅದನ್ನು 70 ವರ್ಷ ತುಂಬಿದ ಎಲ್ಲ ಹಿರಿಯರಿಗೂ, ವರಮಾನದ ಮಿತಿಯಿಲ್ಲದೆ, ವಿಸ್ತರಿಸಿತು. ಕುಟುಂಬವೊಂದರ ಇಂತಹ ಹಿರಿಯರೆಲ್ಲರಿಗೂ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಯ ವೆಚ್ಚವನ್ನು ಯೋಜನೆಯು ಭರಿಸುತ್ತದೆ. ಮೊದಲಿನಿಂದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗ ಮುಂತಾದವುಗಳಿಗೂ ಇದು ಅನ್ವಯಿಸುತ್ತದೆ. ದಾಖಲಾಗುವ ಮುಂಚಿನ 3 ದಿನಗಳ ಮತ್ತು ಬಿಡುಗಡೆಯ ನಂತರದ 15 ದಿನಗಳ ವೆಚ್ಚವೂ ಇದರಲ್ಲಿ ಸೇರಿದೆ.

ತೊಡಕು ಆರಂಭವಾಗುವುದು ಹದಿನಾರನೆಯ ದಿನದಿಂದ. ರೋಗಿಯನ್ನು ಎಬ್ಬಿಸಿ ಕೂರಿಸುವ ಆಯಾಳ ಸಂಬಳ, ಅಂಗಸಾಧನೆ ಮಾಡಿಸುವವರ ಶುಲ್ಕ, ನಿತ್ಯದ ಔಷಧ ಇವೆಲ್ಲ ಮನೆಯವರ ಪಾಲಿಗೇ ಬೀಳುತ್ತವೆ. ಭಾರತದ ನಗರಗಳಲ್ಲಿ ನರ್ಸಿಂಗ್ ಹೋಂ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ; ಪಾಶ್ಚಾತ್ಯ ದೇಶಗಳಲ್ಲಿಯಾದರೋ ಅಶಕ್ತ ವೃದ್ಧರು ದೀರ್ಘಕಾಲ ಉಳಿಯುವ ಶುಶ್ರೂಷಾಗೃಹವೆಂದೇ ಆ ಪದದ ಅರ್ಥ. ಅಂತಹ ವಾಸದ ವೆಚ್ಚಕ್ಕೆ ಈ ಯೋಜನೆಯಲ್ಲಿ ಅವಕಾಶವಿಲ್ಲ. 2007ರ ಹಿರಿಯ ನಾಗರಿಕರ ಕಾಯಿದೆಯು ಜಿಲ್ಲೆಗೊಂದು ವೃದ್ಧಾಶ್ರಮದ ಮಾತನ್ನು ಹೇಳುತ್ತದೆಯಾದರೂ ಅದು ನಿರ್ಗತಿಕರಿಗಾಗಿ.

ಈ ಎರಡನೆಯ ವೆಚ್ಚವನ್ನೂ ಸಮಾಜವು ಹಂಚಿಕೊಳ್ಳಬಲ್ಲುದೆಂಬುದಕ್ಕೆ ನಿದರ್ಶನಗಳಿವೆ. ಜರ್ಮನಿಯು 1995ರಲ್ಲಿಯೂ ಜಪಾನು 2000ದಲ್ಲಿಯೂ ದೀರ್ಘಾವಧಿ ಆರೈಕೆಗೆಂದೇ ಸಾರ್ವಜನಿಕ ವಿಮೆಯನ್ನು ಜಾರಿಗೊಳಿಸಿದವು. ಜಪಾನಿನಲ್ಲಿ 40 ವರ್ಷ ತುಂಬಿದವರೆಲ್ಲ ವಂತಿಗೆ ಸಲ್ಲಿಸುತ್ತಾರೆ; ವೆಚ್ಚದ ಸುಮಾರು ಅರ್ಧಭಾಗ ತೆರಿಗೆಯ ಹಣದಿಂದ ಬರುತ್ತದೆ. ವೃದ್ಧರ ಅಶಕ್ತತೆಯನ್ನು ಅಳೆದು, ಮನೆಗೆ ಬರುವ ಸಹಾಯಕಿ, ಹಗಲಿನ ಆರೈಕೆ ಕೇಂದ್ರ ಅಥವಾ ಶುಶ್ರೂಷಾಗೃಹವನ್ನು ಒದಗಿಸಲಾಗುತ್ತದೆ.

ಭಾರತದಲ್ಲಿ ಅಂತಹ ವಿಮೆ ಇನ್ನೂ ಬಂದಿಲ್ಲ. ಆದುದರಿಂದ ಹಿರಿಯರಿರುವ ಮನೆಗಳು ಕೆಲವು ಸಿದ್ಧತೆಗಳನ್ನು ಮಾಡಿಕೊಂಡಿರುವುದು ಲೇಸು. ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸವೇ ಇದ್ದರೆ ಯೋಜನೆಯ ಕಾರ್ಡು ಎಲ್ಲಿ, ಹೇಗೆ ದೊರೆಯುವುದೆಂದು 14555 ದೂರವಾಣಿಯಲ್ಲಿ ವಿಚಾರಿಸಿ, ಕಾಯಿಲೆ ಬರುವ ಮುನ್ನವೇ ಅದನ್ನು ಪಡೆದಿರಬೇಕು. ಶುಶ್ರೂಷೆಗೆಂದು ಪ್ರತ್ಯೇಕವಾಗಿ ಅಷ್ಟಿಷ್ಟು ಹಣವನ್ನು ಕೂಡಿಡಬೇಕು. ಊರಿನಲ್ಲಿರುವ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಆ ಹೊರೆಯಲ್ಲಿ ಪಾಲುಗೊಳ್ಳಬೇಕು. ಬಚ್ಚಲಿನ ಗೋಡೆಗೆ ಹಿಡಿಕೆಯೊಂದನ್ನು ಹಾಕಿಸುವ ಖರ್ಚು ಅಲ್ಪ. ಅದರಿಂದ ತಪ್ಪಬಹುದಾದ ಸಂಕಟವಾದರೋ ಅಪಾರ.